ಏಳನೇ ಬುಟ್ಟಿಯ ಚುಕ್ಕೆ

ಎಸೆದ ಪ್ಲಾಸ್ಟಿಕ್ ಡಿಸ್ಕ್ ಮರಕ್ಕೆ ಬಡಿದು, ಹೋದ ದಾರಿಯಲ್ಲೇ ತಿರುಗಿ ಬಂದು, ಕನ್ನಡಕದಕ್ಕನ ಬೆನ್ನ ಹಿಂದೆ ಬಿತ್ತು.

"ಎಷ್ಟು ದೂರ ಹೋಯ್ತು ಮೇಷ್ಟ್ರೇ?" ಎಂದು ಕೇಳಿದಳು ಅವಳು.

"ಎರಡು ಅಡಿ," ಎಂದರು ಮೇಷ್ಟ್ರು, ಮುಖದ ಒಂದು ಗೆರೆಯೂ ಅಲ್ಲಾಡದೆ. "ಆದ್ರೆ ಹಿಂದಕ್ಕೆ."

ಬೇಕರಿಯಮ್ಮ ಕೆಮ್ಮುವ ನೆಪದಲ್ಲಿ ಆ ಕಡೆ ತಿರುಗಿದಳು. ಹಲ್ಲಿನ ಡಾಕ್ಟರಿಗೆ ಅಷ್ಟು ನಾಜೂಕಿಲ್ಲ. ಅವರು ಹೊಟ್ಟೆ ಹಿಡಿದುಕೊಂಡೇ ನಕ್ಕರು.

"ನಗಿ ಡಾಕ್ಟ್ರೇ, ನಗಿ. ನನ್ನ ಅಂಗಡಿ ಗೋಡೆ ಮೇಲಿನ ಅಕ್ಷರ ಓದೋಕಾಗ್ದೆ ನೀವು ತಡವರಿಸ್ತೀರಲ್ಲ, ಆಗ ನಾನು ಯಾವತ್ತಾದ್ರೂ ನಕ್ಕಿದ್ದೀನಾ?"

ಇಡೀ ಬಡಾವಣೆಗೆ ಅವಳು ಕನ್ನಡಕದಕ್ಕ. ಇಪ್ಪತ್ತೆಂಟು ವರ್ಷದಿಂದ ಕನ್ನಡಕದ ಅಂಗಡಿ ನಡೆಸುತ್ತಿದ್ದಾಳೆ. ಬಂದವರ ಕಣ್ಣಿಗೆ ಟಾರ್ಚು ಬಿಟ್ಟು ನೋಡಿ ನೋಡಿ, ಯಾರ ಕಣ್ಣು ಯಾವಾಗ ತಪ್ಪಿಸಿಕೊಳ್ಳುತ್ತದೆ ಎನ್ನುವುದು ಅವಳಿಗೆ ಬಾಯಿಪಾಠ. ಆ ಒಂದು ವಿದ್ಯೆಯಿಂದಲೇ ಇಷ್ಟು ದಿನ ಜನರ ಕಳೆದ ವಸ್ತುಗಳನ್ನೂ ಮುಚ್ಚಿಟ್ಟ ಸುಳ್ಳುಗಳನ್ನೂ ಹೆಕ್ಕಿ ತೆಗೆದಿದ್ದಳು. ಈ ಸಲ ಮಾತ್ರ ಸಿಕ್ಕಿಬಿದ್ದವನು ಅವಳ ಮೈದುನ.

ಮೊನ್ನೆ ಗುರುವಾರ ಪಾರ್ಕಿನ ಗಾಜಿನ ಮನೆಯ ಒಂದು ಗಾಜು ಒಡೆದು, ಹತ್ತೊಂಬತ್ತು ವರ್ಷಕ್ಕೆ ಮೊದಲ ಸಲ ಮೊಗ್ಗು ಬಿಟ್ಟಿದ್ದ ಪಾಪಾಸುಕಳ್ಳಿ ಗಿಡ ಕುಂಡದ ಸಮೇತ ಮಾಯವಾಗಿತ್ತು. ಚೂರುಗಳ ನಡುವೆ ಸಿಕ್ಕಿದ ಹಳದಿ ಡಿಸ್ಕಿನ ಬೆನ್ನ ಮೇಲೆ ಪಾರ್ಕಿನ ಮಾಲಿಯ, ಅಂದರೆ ಆ ಮೈದುನನ, ಫೋನ್ ನಂಬರಿತ್ತು.

"ಶನಿವಾರ ಸಾಯಂಕಾಲ ಐದು ಗಂಟೆ," ಎಂದಿದ್ದರು ಪಾರ್ಕಿನ ಉಸ್ತುವಾರಿ ನೋಡುವ ಮೇಡಂ. "ಅಷ್ಟರೊಳಗೆ ಕಳ್ಳ ಸಿಗದಿದ್ರೆ ನಿಮ್ಮ ಮೈದುನ ಕೆಲಸದಿಂದ ಆಚೆ. ಈ ಬುಟ್ಟಿಗಳೂ ಪಾರ್ಕಿಂದ ಆಚೆ."

"ಗಾಜಿನ ಮನೆ ಕೀ ಅವನ ಜೇಬಲ್ಲೇ ಇರುತ್ತೆ. ಕೀ ಇರೋನು ಗಾಜು ಯಾಕೆ ಒಡೀತಾನೆ ಮೇಡಂ? ಒಡೆದವರು ಬೇರೆ. ಯಾರೇ ಆಗಿರ್ಲಿ, ನನ್ನ ಮನೆಯವರೇ ಆಗಿರ್ಲಿ, ಕೈ ಹಿಡ್ಕೊಂಡು ತಂದು ನಿಮ್ಮೆದುರು ನಿಲ್ಲಿಸ್ತೀನಿ," ಎಂದು ಕನ್ನಡಕದಕ್ಕ ಎಲ್ಲರ ಮುಂದೆ ಎದೆ ತಟ್ಟಿಕೊಂಡು ಹೇಳಿ ಬಂದಿದ್ದಳು. ಈಗ ನಾಲ್ಕೂ ಕಾಲು.

ಮೈದುನ ಅನ್ನುವುದು ಹೆಸರಿಗೆ. ಅವಳು ಮದುವೆಯಾಗಿ ಬಂದ ದಿನ ಅವನು ಏಳು ವರ್ಷದವನು, ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಆ ಗುಂಡಿಗಳನ್ನು ಸರಿ ಮಾಡಿದ ಕೈ ಇವತ್ತಿಗೂ ಅವನನ್ನು ಬಿಟ್ಟಿಲ್ಲ. ಈ ಒಂಬತ್ತು ಬುಟ್ಟಿಗಳಿಗೂ ಗುಂಡಿ ತೋಡಿದವನು, ಸಿಮೆಂಟು ಹಾಕಿದವನು, ಬಿದ್ದ ಎಲೆಗಳನ್ನು ದಿನಾ ಗುಡಿಸುವವನು ಅವನೇ. ಈ ಕೆಲಸ ಹೋದರೆ ಅವನು ಕುಸಿದುಹೋಗುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ಇಳಿಜಾರಿನ ಕೆಳಗೆ ಅವನು ತಲೆ ತಗ್ಗಿಸಿ ಎಲೆ ಗುಡಿಸುತ್ತಿದ್ದ. ತೀರ್ಮಾನ ಆಗುವವರೆಗೆ ಡಿಸ್ಕ್ ಮುಟ್ಟಬಾರದು ಎಂದು ಮೇಡಂ ಅಪ್ಪಣೆಯಾಗಿತ್ತು. ಹಾಗಾಗಿ ನಾಲ್ವರ ಗುಂಪಿನಲ್ಲಿ ಅವನ ಜಾಗ ಖಾಲಿಯಿತ್ತು, ಆ ಜಾಗಕ್ಕೆ ಕನ್ನಡಕದಕ್ಕ ತಾನಾಗಿ ಬಂದು ಸೇರಿದ್ದಳು. ಆಟ ಕಲಿಯುವ ಆಸೆ ಎಂದು ಹೇಳಿದ್ದಳು. ಯಾರೂ ನಂಬಿರಲಿಲ್ಲ. ಆದರೆ ಯಾರೂ ಬೇಡ ಎನ್ನಲೂ ಇಲ್ಲ.

ಆಟವೇನೋ ಸುಲಭ. ಮರಗಳ ನಡುವೆ ಅಲ್ಲಲ್ಲಿ ಕಬ್ಬಿಣದ ಕಂಬ, ಕಂಬದ ಸುತ್ತ ಸರಪಳಿ, ಅದರ ಕೆಳಗೆ ಬುಟ್ಟಿ. ಸಿಮೆಂಟು ಕಟ್ಟೆಯ ಮೇಲೆ ನಿಂತು ಡಿಸ್ಕ್ ಎಸೆಯಬೇಕು, ಬಿದ್ದಲ್ಲಿಂದ ಮತ್ತೆ ಎಸೆಯಬೇಕು, ಬುಟ್ಟಿಗೆ ಬೀಳುವವರೆಗೆ. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದರು. ಇಷ್ಟನ್ನು ಅವಳು ಎರಡು ನಿಮಿಷದಲ್ಲಿ ಕಲಿತಿದ್ದಳು. ಅವಳಿಗೆ ಉಸಿರು ಕಟ್ಟಿಸಿದ್ದು ಮೇಷ್ಟ್ರ ನಿಯಮಗಳು.

ಮೇಷ್ಟ್ರು ಮೂವತ್ತಾರು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕಾವಲು ನಿಂತು ನಿವೃತ್ತರಾದವರು. ಕೊರಳಲ್ಲಿ ಸ್ಟಾಪ್‌ವಾಚು. ಒಬ್ಬರು ಎಸೆಯಲು ನಿಂತರೆ ಉಳಿದವರು ಹಿಂದೆ ಸಾಲಾಗಿ ನಿಲ್ಲಬೇಕು, ಅಲ್ಲಾಡಬಾರದು, ತುಟಿ ಪಿಟಕ್ ಅನ್ನಬಾರದು. ಎಸೆಯುವವರಿಗೆ ಮೂವತ್ತು ಸೆಕೆಂಡು. ಮೀರಿದರೆ ಮೊದಲ ಸಲ ಎಚ್ಚರಿಕೆ, ಆಮೇಲೆ ಪ್ರತಿ ಸಲಕ್ಕೆ ಒಂದು ಎಸೆತ ದಂಡ. ಬುಟ್ಟಿಯಿಂದ ಯಾರು ಹೆಚ್ಚು ದೂರವೋ ಅವರದ್ದೇ ಮೊದಲ ಸರದಿ.

ಆರನೇ ಬುಟ್ಟಿಯಲ್ಲಿ ಅವಳು ಬೇಕರಿಯಮ್ಮನ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದಳು, "ಗುರುವಾರ ನೀವು ಮೂರೂ ಜನ ಆಡ್ತಾ ಇದ್ರಲ್ಲ, ಗಾಜು ಒಡೆದ ಸದ್ದು..."

"ಶ್!" ಎಂದರು ಮೇಷ್ಟ್ರು. ಡಾಕ್ಟರು ಎಸೆಯಲು ನಿಂತಿದ್ದರು.

ಡಾಕ್ಟರು ಎಸೆದರು. ಡಿಸ್ಕ್ ಪೊದೆಗೆ ಹೋಯಿತು. "ಗಾಳಿ!" ಎಂದು ಡಾಕ್ಟರು ಆಕಾಶವನ್ನು ಬೈದರು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

"ಸದ್ದು ಎಲ್ಲಿ ಕೇಳ್ಸುತ್ತಮ್ಮ?" ಎಂದಳು ಬೇಕರಿಯಮ್ಮ. "ಹುಲ್ಲು ಕತ್ತರಿಸೋ ಮಿಷನ್ನು ಗಾಜಿನ ಮನೆ ಪಕ್ಕದಲ್ಲೇ ಅರಚ್ತಾ ಇತ್ತು. ನಿನ್ನ ಮೈದುನ ಅವತ್ತು ಆಟಕ್ಕೂ ಬರ್ಲಿಲ್ಲ, ಹುಲ್ಲು ಕತ್ತರಿಸ್ಬೇಕು ಅಂದ. ಮೂರು ಗಂಟೆಯಿಂದ ನಾಲ್ಕರವರೆಗೆ ಒಂದೇ ಸಮ ಗುರ್ ಅಂತ..."

"ಶ್!" ಈಗ ಬೇಕರಿಯಮ್ಮನದ್ದೇ ಸರದಿ.

ಹಿಟ್ಟು ನಾದಿ ನಾದಿ ಗಟ್ಟಿಯಾದ ಅವಳ ತೋಳು ಒಮ್ಮೆ ಬೀಸಿತು. ಡಿಸ್ಕ್ ಎರಡು ಮರಗಳ ಸಂದಿಯಲ್ಲಿ ನೇರ ನುಗ್ಗಿ ಸರಪಳಿ ಝಣಕ್ಕೆಂದಿತು. ಡಾಕ್ಟರು ಹಲ್ಲು ಕಡಿದರು. ಅವರ ಕಸುಬಿಗೆ ಅದು ಒಪ್ಪುವ ಕೆಲಸವಲ್ಲ.

ಈ ತರಹ ಒಂದೊಂದು ವಾಕ್ಯಕ್ಕೆ ಒಂದೊಂದು ಬುಟ್ಟಿ ಕಾಯುತ್ತಿದ್ದರೆ ಐದು ಗಂಟೆ ಬಾಗಿಲಿಗೆ ಬಂದು ನಿಲ್ಲುತ್ತದೆ ಎಂದು ಕನ್ನಡಕದಕ್ಕನಿಗೆ ಚಡಪಡಿಕೆ. ಅದರ ಮೇಲೆ ಹೆಬ್ಬೆರಳು ಬೇರೆ. ಬೆಳಿಗ್ಗೆ ಅಂಗಡಿಯಲ್ಲಿ ಮೇಷ್ಟ್ರ ಕನ್ನಡಕ ಹುಡುಕಲು ಕೆಳಗಿನ ಬೀರುವಿನ ಮೂಲೆಗೆ ಕೈ ಹಾಕಿದಾಗ ಏನೋ ಚುರ್ ಎಂದು ಚುಚ್ಚಿತ್ತು. ಯಾವುದೋ ಮುರಿದ ಫ್ರೇಮಿನ ತಂತಿ ಇರಬೇಕು. ಅಷ್ಟರಲ್ಲಿ ಗಿರಾಕಿ ಬಂದು, ಕೈ ತೆಗೆದವಳು ಮತ್ತೆ ಆ ಕಡೆ ನೋಡಿರಲಿಲ್ಲ. ಈಗ ಡಿಸ್ಕ್ ಹಿಡಿದಾಗಲೆಲ್ಲ ಬೆರಳು ನೆನಪು ಮಾಡಿ ಕೊಡುತ್ತಿತ್ತು.

"ನಮ್ಮ ಕನ್ನಡಕ ಯಾವಾಗ ಕೊಡ್ತೀರಿ?" ಎಂದು ಅದೇ ಹೊತ್ತಿಗೆ ಮೇಷ್ಟ್ರು ಕೇಳಬೇಕೇ! "ಹದಿನೈದು ದಿನದಿಂದ ನಾಳೆ ಬನ್ನಿ, ನಾಳೆ ಬನ್ನಿ ಅಂತಿದ್ದೀರಿ."

"ನಾಳೆ ಖಂಡಿತ ಮೇಷ್ಟ್ರೇ."

ಅವರು ಸ್ಕೋರ್ ಚೀಟಿಯನ್ನು ಕೈ ಚಾಚಿ ದೂರ ಹಿಡಿದು, ಕಣ್ಣು ಕಿರಿದು ಮಾಡಿ ಅಂಕಿ ಬರೆದುಕೊಂಡರು. ಬರೆದದ್ದು ಚೀಟಿಯ ಚೌಕದ ಮನೆಯೊಳಗೆ ಕೂರದೆ ಗೆರೆ ದಾಟಿ ಪಕ್ಕದ ಮನೆಗೆ ಕಾಲು ಚಾಚಿತು. ಕನ್ನಡಕದಕ್ಕ ಅದನ್ನು ನೋಡಿದಳು. ತನ್ನದೇ ತಪ್ಪು ಎನಿಸಿ ಒಂದು ಗಳಿಗೆ ನಾಚಿಕೆಯೂ ಆಯಿತು.

"ಚೀಟಿ ಬರೆಯೋದು ನಂಗೂ ಹೇಳಿಕೊಡಿ," ಎಂದಳು.

ಮೇಷ್ಟ್ರಿಗೆ ಪಾಠ ಅಂದರೆ ಪ್ರಾಣ. "ಅವರವರ ಚೀಟಿ ಅವರವರೇ ಬರೀಬೇಕು. ನಾನು ಕೊನೇಲಿ ಕೂಡ್ತೀನಿ ಅಷ್ಟೇ. ಎಷ್ಟು ಎಸೆತ ಆಯ್ತೋ ಅಷ್ಟು. ಡಿಸ್ಕ್ ಬಿಳಿ ಕಲ್ಲಿನ ಗೆರೆ ದಾಟಿ ಹೋದ್ರೆ ಒಂದು ದಂಡ, ಆಗ ಅಂಕಿ ಪಕ್ಕ ಒಂದು ಚುಕ್ಕೆ. ಯಾರೂ ನೋಡದೆ ಇದ್ರೂ ಚುಕ್ಕೆ ಇಡಲೇಬೇಕು. ಬೇರೆಯವರ ಚುಕ್ಕೆ ಬಗ್ಗೆ ಕೇಳೋದು ಮರ್ಯಾದೆ ಅಲ್ಲ. ಚೀಟಿ ಅಂದ್ರೆ ಮನುಷ್ಯನ ಮಾತು."

"ಒಂದು ಹಳೇ ಚೀಟಿ ತೋರಿಸಿ, ನೋಡಿ ಕಲೀತೀನಿ. ಗುರುವಾರದ್ದೇ ಇರ್ಲಿ."

ಗುಂಪಿನಲ್ಲಿರುವ ಯಾರು ಕೇಳಿದರೂ ಹಳೆಯ ಚೀಟಿ ತೋರಿಸಬೇಕು ಎನ್ನುವುದು ಮೇಷ್ಟ್ರೇ ಬರೆದಿಟ್ಟ ನಿಯಮ. ಅವರ ಕೈ ಚೀಲದೊಳಗೆ ಸ್ವಲ್ಪ ಹೆಚ್ಚು ಹೊತ್ತೇ ತಡಕಾಡಿತು. ಕೊನೆಗೆ ಬಿಸ್ಕತ್ತಿನ ಡಬ್ಬಿ ಹೊರಗೆ ಬಂತು. ಡಬ್ಬಿಯೊಳಗೆ ವಾರವಾರದ ಚೀಟಿಗಳು ರಬ್ಬರ್ ಬ್ಯಾಂಡು ಹಾಕಿಸಿಕೊಂಡು ಶಿಸ್ತಾಗಿ ಕೂತಿದ್ದವು.

ಗುರುವಾರದ ಚೀಟಿ ಮೂರು. ಕನ್ನಡಕದಕ್ಕ ಒಂದೊಂದಾಗಿ ನೋಡಿದಳು. ಏಳನೇ ಬುಟ್ಟಿಯ ಮನೆಗೆ ಬಂದಾಗ ಒಂದು ಚೀಟಿಯಲ್ಲಿ ಅವಳ ಕಣ್ಣು ನಿಂತಿತು. ಐದು. ಐದರ ಪಕ್ಕ ಒಂದು ಚುಕ್ಕೆ.

ಏನೂ ಆಗದವಳ ಹಾಗೆ ಚೀಟಿಗಳನ್ನು ಮಡಿಸಿ ವಾಪಸು ಕೊಟ್ಟಳು.

"ಏಳನೇ ಬುಟ್ಟೀಲಿ ಬಿಳಿ ಕಲ್ಲು ಎಲ್ಲೆಲ್ಲಿದೆ ಡಾಕ್ಟ್ರೇ?"

"ಒಂದೇ ಕಡೆ ಅಕ್ಕ. ಗಾಜಿನ ಮನೆ ಸುತ್ತ."

ಏಳನೇ ಬುಟ್ಟಿಗೆ ಕಟ್ಟೆಯಿಂದ ನೂರು ಹೆಜ್ಜೆ. ಎಡಕ್ಕೆ ದಟ್ಟ ಮರಗಳು, ಬಲಕ್ಕೆ ಗಾಜಿನ ಮನೆ, ಬುಟ್ಟಿಯ ಆಚೆ ಇಳಿಜಾರು. ಒಡೆದ ಗಾಜಿನ ಜಾಗಕ್ಕೆ ರಟ್ಟು ಅಂಟಿಸಿದ್ದರು. ಮೂವರೂ ಒಬ್ಬರ ಹಿಂದೆ ಒಬ್ಬರು ಎಸೆದರು. ಕೊನೆಗೆ ಕನ್ನಡಕದಕ್ಕ ಎಸೆದಳು. ಅವಳ ಡಿಸ್ಕ್ ಕಟ್ಟೆಯಿಂದ ಹತ್ತು ಹೆಜ್ಜೆ ಹೋಗಿ, ಅಲ್ಲೇ ಹುಲ್ಲಿನ ಮೇಲೆ ಹಾಯಾಗಿ ಮಲಗಿತು.

"ದೂರ ಇರೋರು ಕನ್ನಡಕದಕ್ಕ," ಎಂದರು ಮೇಷ್ಟ್ರು. "ಅವರದ್ದೇ ಸರದಿ. ಎಲ್ಲಾ ಹಿಂದೆ ನಿಲ್ಲಿ."

ಮೂವರೂ ಸಾಲಾಗಿ ನಿಂತರು. ಕೈ ಕಟ್ಟಿದರು. ಬಾಯಿ ಮುಚ್ಚಿದರು. ಮೇಷ್ಟ್ರ ಹೆಬ್ಬೆರಳು ಸ್ಟಾಪ್‌ವಾಚಿನ ಮೇಲೆ ಕೂತಿತು.

ಆಗ ಹೊಳೆಯಿತು ಕನ್ನಡಕದಕ್ಕನಿಗೆ. ಅಯ್ಯೋ ನನ್ನ ಬುದ್ಧಿಯೇ, ಆರು ಬುಟ್ಟಿ ಸುಮ್ಮನೆ ಕಳೆದೆನಲ್ಲ! ಮಾತಾಡಬಾರದು ಅನ್ನುವ ನಿಯಮ ಉಳಿದವರಿಗೆ. ಎಸೆಯುವವರಿಗಲ್ಲ.

ಅವಳು ಡಿಸ್ಕನ್ನು ಎತ್ತಿ ಹಿಡಿದಳು. ಬುಟ್ಟಿಗೆ ಬೆನ್ನು ಮಾಡಿ, ಮೂವರ ಕಡೆಗೆ ತಿರುಗಿದಳು.

"ಯಾರೂ ಅಲ್ಲಾಡ್ಬೇಡಿ. ನಾನು ಎಸೆಯೋಕೆ ನಿಂತಿದ್ದೀನಿ," ಎಂದಳು. "ಈ ಗಾಜು ಒಡೆದವರು ನಿಮ್ಮ ಮೂವರಲ್ಲಿ ಒಬ್ಬರು."

ಡಾಕ್ಟರ ಬಾಯಿ ತೆರೆದುಕೊಂಡಿತು. ಮೇಷ್ಟ್ರು ಬೆರಳೆತ್ತಿ ಎಚ್ಚರಿಸಿದರು. ಬಾಯಿ ಮುಚ್ಚಿಕೊಂಡಿತು.

"ನನ್ನ ಮೈದುನನ ಹಳದಿ ಡಿಸ್ಕ್ ಕಳೆದು ಎರಡು ವಾರ ಆಯ್ತು. ನಾಲ್ಕನೇ ಬುಟ್ಟಿ ಪೊದೆಯಲ್ಲಿ ಹೋಯ್ತು ಅಂತ ಮನೇಲಿ ಊಟ ಬಿಟ್ಟು ಕೂತಿದ್ದ. ಅದರ ಮೇಲೆ ನಂಬರು ಬರೆದವಳು ನಾನೇ. ಸಿಕ್ಕಿದವರು ನಂಬರಿಗೆ ಫೋನ್ ಮಾಡ್ಬೇಕು, ಅದು ನಿಮ್ಮ ಪದ್ಧತಿ. ಯಾರೂ ಮಾಡ್ಲಿಲ್ಲ. ಯಾರದೋ ಚೀಲ ಸೇರ್ಕೊಂಡಿತ್ತು ಅದು."

"ಮೂವತ್ತು," ಎಂದರು ಮೇಷ್ಟ್ರು. "ಎಚ್ಚರಿಕೆ."

"ಆಯ್ತು. ಈಗ ಡಾಕ್ಟ್ರು. ಡಾಕ್ಟ್ರೇ, ಗುರುವಾರ ಏಳನೇ ಬುಟ್ಟೀಲಿ ನಿಮ್ಮದು ಒಂಬತ್ತು."

ಡಾಕ್ಟರು ಕೆಂಪಗಾದರು. ಬೇಕರಿಯಮ್ಮನಿಗೆ ಇದು ಹೊಸ ಸುದ್ದಿ. ಅವಳ ಹುಬ್ಬು ಮೇಲೆ ಹೋದದ್ದು ಇಳಿಯಲೇ ಇಲ್ಲ.

"ಒಂಬತ್ತಕ್ಕೂ ಪಕ್ಕದಲ್ಲಿ ಕಾರಣ ಬರೆದಿದ್ದೀರಿ. ಗಾಳಿ. ಬಿಸಿಲು. ಅಳಿಲು. ಶೂ ಸಡಿಲ. ಇಷ್ಟೆಲ್ಲ ಬರೆಯೋ ಮನುಷ್ಯ, ಗಾಜಿನ ಮನೆಗೆ ಹೋಗಿದ್ರೆ ಅದಕ್ಕೂ ಒಂದು ಕಾರಣ ಬರೀದೆ ಬಿಡ್ತಿದ್ರಾ? ಚುಕ್ಕೆ ಇಲ್ಲ. ನೀವಲ್ಲ."

ಡಾಕ್ಟರಿಗೆ ಸಮಾಧಾನಪಡಬೇಕೋ ಅವಮಾನಪಡಬೇಕೋ ತಿಳಿಯಲಿಲ್ಲ.

"ಮೂವತ್ತು. ಒಂದು ದಂಡ."

"ಬರ್ಕೊಳ್ಳಿ. ಬೇಕರಿಯಮ್ಮಾ, ನಿನ್ನದು ಮೂರು. ಮೂರೇ ಎಸೆತದಲ್ಲಿ ಬುಟ್ಟಿಗೆ ಬಿತ್ತು ಅಂದ್ರೆ ನಿನ್ನ ಡಿಸ್ಕಿಗೆ ಗಾಜಿನ ಮನೆ ಕಡೆ ತಲೆ ಹಾಕೋಕೂ ಪುರುಸೊತ್ತಿರ್ಲಿಲ್ಲ. ಅಲ್ದೆ ನೀನು ತಪ್ಪು ಮಾಡಿದ್ರೆ ಅರ್ಧ ಗಂಟೇಲಿ ಬೇಕರಿಗೆ ಬಂದವರಿಗೆಲ್ಲ ಹೇಳಿ ಮುಗಿಸಿರ್ತಿದ್ದೆ."

ಬೇಕರಿಯಮ್ಮ ಹೌದು ಎಂದು ಮನಸಾರೆ ತಲೆಯಾಡಿಸಿದಳು. ಅಲ್ಲಾಡಬಾರದು ಎಂದು ನೆನಪಾಗಿ ಅರ್ಧಕ್ಕೆ ನಿಲ್ಲಿಸಿದಳು.

"ಮೂವತ್ತು. ಎರಡು ದಂಡ." ಮೇಷ್ಟ್ರ ದನಿ ಸ್ವಲ್ಪ ಸಣ್ಣಗಾಗಿತ್ತು.

"ಬರ್ಕೊಳ್ಳಿ ಮೇಷ್ಟ್ರೇ. ಉಳಿದದ್ದು ಒಂದೇ ಚೀಟಿ."

ಕನ್ನಡಕದಕ್ಕ ಡಿಸ್ಕನ್ನು ಇನ್ನೂ ಎತ್ತರಕ್ಕೆ ಹಿಡಿದಳು. ತೋಳು ನೋಯುತ್ತಿತ್ತು, ಹೆಬ್ಬೆರಳು ಉರಿಯುತ್ತಿತ್ತು.

"ಅದರಲ್ಲಿ ಐದು. ಐದಕ್ಕೊಂದು ಚುಕ್ಕೆ. ಬೇಕರಿಯಮ್ಮ ಮೂರರಲ್ಲೇ ಮುಗಿಸಿ ಮುಂದೆ ಹೋಗಿರ್ಬೇಕು, ಡಾಕ್ಟ್ರು ಪೊದೆಯಲ್ಲಿ ಡಿಸ್ಕ್ ಹುಡುಕ್ತಿದ್ದಿರ್ಬೇಕು; ಗಾಜು ಒಡೆದದ್ದನ್ನ ಯಾರೂ ನೋಡಿರ್ಲಿಲ್ಲ. ಮಿಷನ್ ಸದ್ದಿಗೆ ಯಾರಿಗೂ ಕೇಳ್ಸಿರ್ಲಿಲ್ಲ. ಸುಮ್ನೆ ನಾಲ್ಕು ಅಂತ ಬರೆದಿದ್ರೆ ಯಾರಪ್ಪನಿಗೂ ಗೊತ್ತಾಗ್ತಿರ್ಲಿಲ್ಲ. ಒಬ್ಬ ನಿರಪರಾಧಿ ಕೆಲಸ ಹೋಗುತ್ತೆ ಅಂತ ಗೊತ್ತಿದ್ದೂ ಎರಡು ದಿನ ಬಾಯಿ ಮುಚ್ಕೊಂಡಿದ್ದ ಮನುಷ್ಯ, ಒಂದು ಸುಳ್ಳು ನಾಲ್ಕು ಬರೆಯೋಕೆ ಮಾತ್ರ ಕೈ ಬರದೆ, ನಿಯಮದ ಪ್ರಕಾರ ತನಗೆ ತಾನೇ ದಂಡ ಹಾಕ್ಕೊಂಡು, ಚುಕ್ಕೆ ಇಟ್ಟಿದ್ದಾರೆ. ಆ ಐದು ಮನೆಯ ಗೆರೆ ದಾಟಿ ಪಕ್ಕಕ್ಕೆ ಬಂದಿತ್ತು. ಕನ್ನಡಕ ಇಲ್ಲದವರ ಬರವಣಿಗೆ."

ಸ್ಟಾಪ್‌ವಾಚು ಓಡುತ್ತಲೇ ಇತ್ತು.

ಕೊನೆಗೆ ಡಾಕ್ಟರಿಗೆ ತಡೆಯಲಾಗಲಿಲ್ಲ. "ಮೇಷ್ಟ್ರೇ... ಮೂವತ್ತು ಆಗ್ಲಿಲ್ವಾ?"

ಮೇಷ್ಟ್ರು ವಾಚನ್ನು ಕೈ ಚಾಚಿ ದೂರ ಹಿಡಿದು ನೋಡಿದರು. "ಮೂವತ್ತೊಂಬತ್ತು," ಎಂದರು. "ಮೂರು ದಂಡ. ಡಾಕ್ಟ್ರೇ, ಮಧ್ಯೆ ಮಾತಾಡಿದ್ದಕ್ಕೆ ನಿಮಗೆ ಎಚ್ಚರಿಕೆ."

ಇನ್ನು ಮೇಷ್ಟ್ರು ಮಾತಾಡಬೇಕಾದರೆ ತಾನು ಎಸೆದು ಮುಗಿಸಬೇಕು. ಕನ್ನಡಕದಕ್ಕ ತಿರುಗಿಯೂ ನೋಡದೆ ಡಿಸ್ಕನ್ನು ಹಿಂದಕ್ಕೆ ಬೀಸಿ ಒಗೆದಳು.

ಆಗ ನಡೆದದ್ದನ್ನು ಬೇಕರಿಯಮ್ಮ ಇವತ್ತಿಗೂ ಆಣೆ ಇಟ್ಟು ಹೇಳುತ್ತಾಳೆ. ಡಿಸ್ಕ್ ಮರಗಳ ಮೇಲೆ ತೇಲಿ, ತೊಂಬತ್ತು ಹೆಜ್ಜೆ ದಾಟಿ, ಸರಪಳಿಗೆ ಹೋಗಿ ಬಡಿಯಿತು. ಝಣ್! ಹದಿನಾಲ್ಕು ವರ್ಷದಿಂದ ಆಡುವ ಡಾಕ್ಟರಿಗೆ ಒಮ್ಮೆಯೂ ಆಗದ್ದು. ಡಾಕ್ಟರು ತಲೆ ಮೇಲೆ ಕೈ ಹೊತ್ತರು. ಮರುಗಳಿಗೆ ಡಿಸ್ಕ್ ಸರಪಳಿಯಿಂದ ಹೊರಕ್ಕೆ ಪುಟಿದು, ಅಂಚಿನ ಮೇಲೆ ನಿಂತು, ಇಳಿಜಾರಿನಲ್ಲಿ ಉರುಳುತ್ತಾ ಕಣ್ಮರೆಯಾಯಿತು. ಡಾಕ್ಟರು ಕೈ ಇಳಿಸಿ, ಸಮಾಧಾನದ ಉಸಿರು ಬಿಟ್ಟರು.

"ಈಗ ಹೇಳಿ ಮೇಷ್ಟ್ರೇ," ಎಂದಳು ಕನ್ನಡಕದಕ್ಕ.

"ಗಾಜು ಒಡೆದದ್ದು ನಾನೇ," ಎಂದರು ಮೇಷ್ಟ್ರು. "ಹಳದಿ ಡಿಸ್ಕ್ ನಾಲ್ಕನೇ ಬುಟ್ಟಿ ಹತ್ತಿರ ಸಿಕ್ತು. ನಂಬರು ಓದೋಕೆ ಆಗ್ಲಿಲ್ಲ. ಕನ್ನಡಕ ಬಂದ ಮೇಲೆ ಓದಿ ಫೋನ್ ಮಾಡೋಣ ಅಂತ ಚೀಲದಲ್ಲಿ ಇಟ್ಕೊಂಡೆ. ನನ್ನದೂ ಒಂದು ಹಳದಿ ಇದೆ. ಅದು ಅಂದ್ಕೊಂಡು ಇದನ್ನ ಎಸೆದುಬಿಟ್ಟೆ. ಕೈ ಜಾರ್ತು."

"ಕೈ ಜಾರಿದ್ದಕ್ಕೆ ಯಾರೂ ನೇಣು ಹಾಕ್ತಿರ್ಲಿಲ್ಲ. ಅವನ ಕೆಲಸ ಹೋಗ್ತಾ ಇದ್ರೂ ಸುಮ್ನಿದ್ರಲ್ಲ! ನಿಮಗೆ ಹೊಟ್ಟೆಯೊಳಗೆ ಏನೂ ಅನ್ನಿಸ್ಲಿಲ್ವಾ?" ಕನ್ನಡಕದಕ್ಕ ಒಂದು ಹೆಜ್ಜೆ ಮುಂದೆ ಬಂದಳು. "ಆ ಗಿಡ ಎಲ್ಲಿ?"

"ಗಿಡ ನಾನು ಮುಟ್ಟಿಲ್ಲ. ಒಳಗೆ ಹೋಗಿಲ್ಲ. ಡಿಸ್ಕ್ ಎಲ್ಲಿ ಬಿತ್ತು ಅಂತ ಬಿಳಿ ಕಲ್ಲಿನ ಹತ್ತಿರ ನಿಂತು ಇಣುಕಿದೆ, ಅಷ್ಟೇ."

"ಆಗ ಗಿಡ ಇತ್ತಾ?"

ಮೇಷ್ಟ್ರು ಚೀಟಿ ಡಬ್ಬಿಯ ಮುಚ್ಚಳ ಒತ್ತಿ ನೋಡಿದರು.

"ಇತ್ತಾ ಇಲ್ವಾ?"

"ಇನ್ನೊಂದು ದಂಡ ಬೇಕಾದ್ರೆ ನನಗೆ ಹಾಕಿ," ಎಂದರು ಮೇಷ್ಟ್ರು. "ಹತ್ತು ಹಾಕಿ. ಇದೊಂದು ಕೇಳ್ಬೇಡಿ."

"ಮೇಷ್ಟ್ರೇ!"

"ಇತ್ತು. ಒಬ್ಬರ ಮಡಿಲಲ್ಲಿತ್ತು. ನೆಲದ ಮೇಲೆ ಕೂತ್ಕೊಂಡು, ಕುಂಡನ ಎರಡೂ ಕೈಯಿಂದ ತಬ್ಬಿ ಹಿಡ್ಕೊಂಡಿದ್ರು. ಗಾಜು ಬಿದ್ದ ಸದ್ದಿಗೆ ತಲೆ ಎತ್ತಿ ನನ್ನನ್ನ ನೋಡಿದ್ರು. ನಾನೂ ನೋಡಿದೆ. ಹೊರಗೆ ಮಿಷನ್ನು ಒಂದೇ ಕಡೆ ನಿಂತು ತನ್ನಷ್ಟಕ್ಕೆ ಅರಚ್ತಾ ಇತ್ತು. ಅ‌ದರ ಹತ್ತಿರ ಯಾರೂ ಇರ್ಲಿಲ್ಲ."

ಕನ್ನಡಕದಕ್ಕ ಇಳಿಜಾರಿನ ಕಡೆ ಒಮ್ಮೆ ತಿರುಗಿ ನೋಡಿದಳು. "ಕನ್ನಡಕ ಇಲ್ದೆ ನೀವು..."

"ನನಗೆ ಹತ್ತಿರದ್ದು ಕಾಣಲ್ಲ ಅಷ್ಟೇ ತಾಯಿ. ದೂರದ್ದು ಚೆನ್ನಾಗಿ ಕಾಣುತ್ತೆ. ಪರೀಕ್ಷೆ ಮಾಡಿದವರು ನೀವೇ ಅಲ್ವಾ?"

ಹೌದು, ಅವಳೇ. ತನ್ನ ಅಂಗಡಿಯಲ್ಲಿ, ಗೋಡೆಯ ಕೊನೆಯ ಸಾಲಿನ ಸಣ್ಣ ಅಕ್ಷರವನ್ನೂ ಮೇಷ್ಟ್ರು ಪಟಪಟನೆ ಓದಿದ್ದರು. ಅವಳೇ ಶಹಬ್ಬಾಸ್ ಅಂದಿದ್ದಳು.

ಮೇಷ್ಟ್ರು ಬಾಯಿ ಮುಚ್ಚಿಕೊಂಡಿದ್ದು ತಮ್ಮನ್ನು ಉಳಿಸಿಕೊಳ್ಳಲು ಅಲ್ಲ. ಗಾಜಿನ ಮಾತು ಎತ್ತಿದರೆ ಒಳಗೆ ಕಂಡದ್ದನ್ನೂ ಹೇಳಬೇಕಾಗುತ್ತಿತ್ತು. ಅವಳು ಎಲ್ಲರೆದುರು ಡಿಸ್ಕ್ ಎತ್ತಿ ಹಿಡಿದು ಬಯ್ದದ್ದು, ಅವಳ ಮೈದುನನನ್ನೇ ಕಾಯುತ್ತಿದ್ದ ಮನುಷ್ಯನನ್ನು. ಅವಳಿಗೆ ನೆಲವೇ ಬಾಯ್ಬಿಡಬಾರದೇ ಎನಿಸಿತು.

ಎಲ್ಲರೂ ಬುಟ್ಟಿಯವರೆಗೆ ನಡೆದು ಬಂದರು. ಇಳಿಜಾರಿನ ಕೆಳಗೆ ಮೈದುನ ನಿಂತಿದ್ದ. ಪೊರಕೆ ನೆಲದ ಮೇಲಿತ್ತು. ಉರುಳಿ ಬಂದ ಡಿಸ್ಕ್ ಅವನ ಕೈಯಲ್ಲಿತ್ತು.

"ಪುಟ್ಟ," ಎಂದಳು ಕನ್ನಡಕದಕ್ಕ. ಮೂವತ್ತೈದು ವರ್ಷದ ಗಂಡಸನ್ನು ಅವಳು ಇವತ್ತಿಗೂ ಹಾಗೆಯೇ ಕರೆಯುತ್ತಾಳೆ. "ಮೇಷ್ಟ್ರು ಸುಳ್ಳು ಹೇಳ್ತಿದ್ದಾರೆ ಅನ್ನು. ನಾನು ನಂಬ್ತೀನಿ."

ಮೈದುನ ಡಿಸ್ಕನ್ನು ಎಸೆಯುವವನ ಹಾಗೆ ಎತ್ತಿ ಹಿಡಿದ.

"ಅತ್ತಿಗೆ, ನನ್ನ ಸರದಿ. ಯಾರೂ ಮಧ್ಯೆ ಮಾತಾಡ್ಬೇಡಿ," ಎಂದ.

ಮೇಷ್ಟ್ರ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ವಾಚು ಒತ್ತಿತು.

"ಮೇಷ್ಟ್ರು ಸುಳ್ಳು ಹೇಳಲ್ಲ. ಗಿಡ ತಗೊಂಡಿದ್ದು ನಾನೇ. ಮಾರಿಲ್ಲ, ಸಾಯಿಸಿಲ್ಲ. ಮೊಗ್ಗು ಚೆನ್ನಾಗಿದೆ. ನೀವು ಎಲ್ಲಾ ಕಡೆ ಹುಡುಕಿದ್ರಿ ಅತ್ತಿಗೆ, ನಿಮ್ಮ ಅಂಗಡಿ ಒಂದು ಬಿಟ್ಟು. ಕೆಳಗಿನ ಬೀರುವಿನ ಮೂಲೆಯಲ್ಲಿದೆ."

ಕನ್ನಡಕದಕ್ಕ ತನ್ನ ಹೆಬ್ಬೆರಳು ನೋಡಿಕೊಂಡಳು. ಬಿಸಿಲಿಗೆ ಹಿಡಿದಾಗ ಚರ್ಮದ ಕೆಳಗೆ ಕೂದಲೆಳೆಯಷ್ಟು ಸಣ್ಣ ಬಿಳಿ ಮುಳ್ಳು ಕಂಡಿತು. ಬೆಳಿಗ್ಗೆಯಿಂದ ಸಾಕ್ಷಿಯನ್ನು ಬೆರಳಲ್ಲೇ ಇಟ್ಟುಕೊಂಡು ಊರೆಲ್ಲ ತಿರುಗಿದ್ದಳು.

"ಯಾಕೋ?" ಎಂದಳು. "ಯಾಕೋ ಪುಟ್ಟ?"

"ಅದನ್ನ ಹೇಳೋಕೆ ಮೂವತ್ತು ಸೆಕೆಂಡು ಸಾಲಲ್ಲ ಅತ್ತಿಗೆ. ಮೇಡಂ ಕೈಗೆ ಮಾತ್ರ ಆ ಗಿಡ ಇವತ್ತು ಸಿಗಬಾರ್ದು. ಸಿಕ್ಕಿದ್ರೆ ಅರಳೋ ಮೊದಲೇ ಯಾರಿಗೋ ಕೊಟ್ಟು ಕಳಿಸ್ತಾರೆ. ಮೊಗ್ಗು ಅರಳೋವರೆಗೆ..."

ಅವನು ನಿಲ್ಲಿಸಿದ. ಅವನ ಕಣ್ಣು ಅವರೆಲ್ಲರ ತಲೆಯ ಮೇಲೆ, ಹಿಂದಿನ ದಾರಿಯ ಕಡೆ ಹೋಗಿತ್ತು.

ಕಲ್ಲುಹಾಸಿನ ಮೇಲೆ ಟಕಟಕ ಹೆಜ್ಜೆ. ಪಾರ್ಕಿನ ಮೇಡಂ ಬರುತ್ತಿದ್ದರು. ಒಂದು ಕೈಯಲ್ಲಿ ಟೈಪು ಮಾಡಿದ ಕಾಗದ, ಇನ್ನೊಂದು ಕೈಯಲ್ಲಿ ಮುಚ್ಚಳ ತೆಗೆದ ಪೆನ್ನು. ಐದಕ್ಕೆ ಇನ್ನೂ ನಾಲ್ಕು ನಿಮಿಷ ಇತ್ತು. ಮೇಡಂ ಯಾವತ್ತೂ ಮೊದಲೇ ಬರುವವರು.

"ಏನು ಕನ್ನಡಕದಮ್ಮ," ಎಂದರು ಮೇಡಂ, ಬುಟ್ಟಿಯ ಪಕ್ಕ ಬಂದು ನಿಂತು. "ಯಾರೇ ಆಗಿರ್ಲಿ, ಕೈ ಹಿಡ್ಕೊಂಡು ತಂದು ನಿಲ್ಲಿಸ್ತೀನಿ ಅಂದಿದ್ರಿ. ಸಿಕ್ಕಿದ್ನಾ?"

ಬೇಕರಿಯಮ್ಮ ಡಾಕ್ಟರ ಮುಖ ನೋಡಿದಳು. ಡಾಕ್ಟರು ತಮ್ಮ ಶೂ ನೋಡಿಕೊಂಡರು. ಮೈದುನ ಅತ್ತಿಗೆಯ ಮುಖವನ್ನೇ ನೋಡುತ್ತಿದ್ದ, ಗುಂಡಿ ತಪ್ಪಾಗಿ ಹಾಕಿಕೊಂಡು ಬಾಗಿಲಲ್ಲಿ ನಿಂತ ದಿನ ನೋಡಿದ್ದ ಹಾಗೆಯೇ.

ಕನ್ನಡಕದಕ್ಕ ಇಳಿಜಾರಿನಲ್ಲಿ ಇಳಿದು ಹೋದಳು. ಅವನ ಕೈಯಿಂದ ಡಿಸ್ಕ್ ತೆಗೆದುಕೊಂಡಳು. ಅದು ಉರುಳಿ ಬಂದು ನಿಂತಿದ್ದ ಜಾಗದಲ್ಲಿ ಕಾಲೂರಿ ನಿಂತು, ಬುಟ್ಟಿಯ ಕಡೆಗೆ ನೋಡಿ, ತೋಳು ಎತ್ತಿದಳು.

"ನಾನು ಕೇಳಿದ್ದು ಕೇಳಿಸ್ಲಿಲ್ವಾ?" ಎಂದರು ಮೇಡಂ. "ಯಾರು ಅಂತ..."

"ಶ್!"

ಇಡೀ ಪಾರ್ಕಿನಲ್ಲಿ ಮೇಡಂ ಬಾಯಿ ಮುಚ್ಚಿಸಿದವರು ಇಲ್ಲಿಯವರೆಗೆ ಯಾರೂ ಇರಲಿಲ್ಲ. ಮೇಷ್ಟ್ರು ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ನಿಂತವರ ಹಾಗೆ ಬೆನ್ನು ನೆಟ್ಟಗೆ ಮಾಡಿ, ಬೆರಳು ತುಟಿಯ ಮೇಲಿಟ್ಟು ನಿಂತಿದ್ದರು.

"ದೂರ ಇರೋರು ಅವರು," ಎಂದರು. "ಅವರ ಸರದಿ."

ಮೇಡಂ ಬಾಯಿ ತೆರೆದುಕೊಂಡೇ ಉಳಿಯಿತು. ಮೇಷ್ಟ್ರು ಕನ್ನಡಕದಕ್ಕನ ಕಡೆ ಒಮ್ಮೆ ನೋಡಿ, ವಾಚು ಒತ್ತಿದರು.

ಅವಳ ಹೆಬ್ಬೆರಳಿನ ಮುಳ್ಳು ಡಿಸ್ಕಿನ ಅಂಚಿಗೆ ಒತ್ತಿ ಉರಿಯುತ್ತಿತ್ತು. ಅವಳ ಕೈಯಲ್ಲಿ ಇದ್ದದ್ದು ಮೂವತ್ತು ಸೆಕೆಂಡು. ಆಮೇಲೆ ಎಸೆಯಬೇಕು. ಎಸೆದ ಮೇಲೆ, ಹೇಳಬೇಕು.